ಎರಡನೆಯ ಮಂಗಳವಾರ

(ಆಶಾ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು ಮತ್ತು ಸ್ವಸಹಾಯ ಸಂಘಗಳ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ತಾಲ್ಲೂಕು ಆಸ್ಪತ್ರೆಯೊಂದರ ಚೀಟಿ ಕಿಂಡಿಯ ಮುಂದೆ ನಡೆದ ಸಣ್ಣ ಸಂಗತಿಯಿಂದ ಶುರು ಮಾಡುತ್ತೇನೆ. ಅಂದು ಮಂಗಳವಾರ. ಸರದಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಇದ್ದರು. ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಕಿಂಡಿಗೆ ಬಂದರು. ಒಳಗಿದ್ದವರು ತಲೆ ಎತ್ತದೆಯೇ, "ಏನು ತೊಂದರೆ?" ಎಂದು ಕೇಳಿದರು. ಆಕೆ ಒಮ್ಮೆ ಹಿಂದಕ್ಕೆ ತಿರುಗಿ ಸಾಲಿನಲ್ಲಿ ನಿಂತವರನ್ನು ನೋಡಿದರು. "ತಲೆನೋವು" ಎಂದರು. ಚೀಟಿಯ ಮೇಲೆ ತಲೆನೋವು ಎಂದೇ ಬಿತ್ತು. ಸಾಮಾನ್ಯ ವೈದ್ಯರನ್ನು ಕಂಡು, ನಾಲ್ಕು ಮಾತ್ರೆ ತೆಗೆದುಕೊಂಡು ಅವರು ಹೊರಟೇಬಿಟ್ಟರು. ಮನೋವೈದ್ಯರು ಕುಳಿತಿದ್ದ ಕೊಠಡಿ ಅಲ್ಲಿಂದ ಹತ್ತು ಹೆಜ್ಜೆ.

ನನಗೆ ಇದು ಗೊತ್ತಾದದ್ದು ಗೇಟಿನ ಹತ್ತಿರ. ಆಕೆ ಸೆರಗಿನ ಗಂಟು ಬಿಚ್ಚಿ, ಅದರೊಳಗಿಂದ ಮಾತ್ರೆಯ ಖಾಲಿ ಪಟ್ಟಿಯೊಂದನ್ನು ತೆಗೆದು, "ಇದು ಇಲ್ಲೇ ಸಿಗುತ್ತದೆಯೇ ಅಮ್ಮ, ಅಂಗಡಿಯಲ್ಲಿ ತರಬೇಕೇ?" ಎಂದು ಕೇಳಿದರು. ಅದು ಖಿನ್ನತೆಗೆ ಕೊಡುವ ಮಾತ್ರೆ. ಹಿಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ, ಅದೇ ಕೊಠಡಿಯಲ್ಲಿ ಕೊಟ್ಟದ್ದು. ಅಂದರೆ ಆಕೆ ಮೊದಲ ಸಲ ಧೈರ್ಯ ಮಾಡಿ ಬಂದಿದ್ದರು. ಎರಡನೆಯ ಸಲವೂ ಬಸ್ಸಿನ ಖರ್ಚು ಮಾಡಿಕೊಂಡು, ಕೂಲಿ ಬಿಟ್ಟು ಬಂದಿದ್ದರು. ಅಷ್ಟು ದೂರ ಬಂದವರು ಒಂದು ಪ್ರಶ್ನೆಗೆ ಅಂಜಿ ವಾಪಸು ಹೋಗುವುದರಲ್ಲಿದ್ದರು.

ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ನಾನು ಸಮಾಜ ಕಾರ್ಯಕರ್ತೆಯಾಗಿ ಹಲವು ವರ್ಷ ದುಡಿದಿದ್ದೇನೆ. ಸರ್ಕಾರದಲ್ಲಿ ಇದಕ್ಕೆಲ್ಲ ಏನೂ ವ್ಯವಸ್ಥೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವ್ಯವಸ್ಥೆ ಇದೆ, ಸಾಕಷ್ಟು ಇದೆ. ಅದು ಜನರ ಕೈಗೆ ಸಿಗದೆ ಹೋಗುವುದು ಎಲ್ಲಿ ಎಂಬುದನ್ನೇ ಇಂದು ಮಾತನಾಡಬೇಕೆಂದು ಬಂದಿದ್ದೇನೆ. ನನ್ನ ಅನುಭವದಲ್ಲಿ ಅದು ಕೈತಪ್ಪುವುದು ಮೊದಲ ಭೇಟಿಗೂ ಎರಡನೆಯ ಭೇಟಿಗೂ ನಡುವೆ. ಆ ಜಾಗದಲ್ಲಿ ನಿಲ್ಲಬಲ್ಲವರು ನೀವು.

ಎಷ್ಟು ಜನ ಕೈತಪ್ಪುತ್ತಿದ್ದಾರೆ ಎಂಬುದಕ್ಕೆ ಲೆಕ್ಕ ಇದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತು. ವಯಸ್ಕರಲ್ಲಿ ಶೇಕಡ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಯಾವುದು ಎಂಬುದರ ಮೇಲೆ, ಅವರಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕುಡಿತದ್ದು ಇನ್ನೂ ಬೇಸರದ ಕಥೆ. ದೆಹಲಿಯ ಏಮ್ಸ್ ನಡೆಸಿ, 2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಹೊರತಂದ ವರದಿಯ ಪ್ರಕಾರ, ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಉಳಿದ 37 ಜನರ ಮನೆಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮ ಬೀದಿಯಲ್ಲೇ ಎರಡು ಮೂರು ಮನೆ ನೆನಪಾಗುತ್ತವೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹಳೆಯ ಸಂಗತಿಯೊಂದನ್ನು ಹೇಳುತ್ತೇನೆ, ಏಕೆಂದರೆ ಅದು ನಮ್ಮ ನಾಡಿನದು. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಿಂದ ಆಚೆ ತರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಅದನ್ನು ಕಲಿಯಬಲ್ಲರು ಎಂಬ ಪ್ರಯೋಗ 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಡೆಯಿತು. ಮಾಡಿದ್ದು ನಿಮ್ಹಾನ್ಸ್. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದು ಕಾಗದದ ಮೇಲೆ ಚೆನ್ನಾಗಿತ್ತು, ಜಿಲ್ಲೆಯಲ್ಲಿ ನಡೆಯುವುದು ಹೇಗೆ ಎಂದು ಯಾರಿಗೂ ತಿಳಿದಿರಲಿಲ್ಲ. ಆಗ ಬಳ್ಳಾರಿಯನ್ನು ಆರಿಸಿಕೊಂಡರು. ಒಂದು ಇಡೀ ಜಿಲ್ಲೆಯ ಸರ್ಕಾರಿ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಜಿಲ್ಲಾ ಕೇಂದ್ರದಲ್ಲಿ ಒಂದು ತಂಡ ಇಟ್ಟು, 1980ರ ದಶಕದ ಉತ್ತರಾರ್ಧದಲ್ಲಿ ಅದನ್ನು ನಡೆಸಿ ತೋರಿಸಿದರು. 1996ರಲ್ಲಿ ದೇಶ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಅದಕ್ಕೆ ಮಾದರಿಯಾದದ್ದು ಬಳ್ಳಾರಿಯೇ. ಆದ್ದರಿಂದ ಊರೂರು ತಿರುಗುವ ಆಶಾ ಕಾರ್ಯಕರ್ತೆ ಮಾನಸಿಕ ಆರೋಗ್ಯದ ಕೆಲಸ ಮಾಡಲು ಸಾಧ್ಯವೇ ಎಂದು ನಿಮ್ಮನ್ನು ಯಾರಾದರೂ ಕೇಳಿದರೆ, ನಿಮ್ಮಂಥವರನ್ನು ನಂಬಿಯೇ ಈ ಕಾರ್ಯಕ್ರಮ ಹುಟ್ಟಿದ್ದು ಎಂದು ಹೇಳಿ.

ಈಗ ಮಂಗಳವಾರದ ವಿಷಯಕ್ಕೆ ಬರೋಣ. ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಹೊತ್ತಿಗೆ, ಯಾವ ಕೊಠಡಿ ಎಂಬುದನ್ನು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಉಳಿದ ದಿನಗಳಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಇರುತ್ತದೆ. ಕಾಯಿಲೆ ಹಳೆಯದಾಗಿ, ಕೆಲಸ ಮಾಡುವ ರೂಢಿಯೇ ತಪ್ಪಿಹೋದವರಿಗೆ ಹಗಲು ಹೊತ್ತಿನ ಆರೈಕೆಗೆ ಮಾನಸಾಧಾರ ಕೇಂದ್ರಗಳಿವೆ. ದೊಡ್ಡ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್. ಇಷ್ಟನ್ನು ತಿಳಿದುಕೊಂಡರೆ ಸಾಕು, ಪಟ್ಟಿ ಬೆಳೆಸುವುದಿಲ್ಲ.

ಎರಡನೆಯ ಭೇಟಿ ಏಕೆ ತಪ್ಪುತ್ತದೆ ಎಂಬುದು ಪಟ್ಟಿಗಿಂತ ಮುಖ್ಯ. ಖಿನ್ನತೆಯ ಮಾತ್ರೆ ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಆದರೆ ಹೊಟ್ಟೆ ತೊಳಸುವುದು, ಬಾಯಿ ಒಣಗುವುದು, ಮಂಪರು, ಇವು ಮೊದಲ ವಾರವೇ ಬರುತ್ತವೆ. ಕೆಡುಕು ಮೊದಲು, ಒಳಿತು ಆಮೇಲೆ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಹತ್ತನೆಯ ದಿನಕ್ಕೆ ಮಾತ್ರೆ ಕಿಟಕಿಯ ಮೂಲೆ ಸೇರುತ್ತದೆ. "ಇದು ನನಗೆ ಒಗ್ಗುವುದಿಲ್ಲ" ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ. ಇನ್ನು ಕೆಲವರಿಗೆ ಒಂದೂವರೆ ತಿಂಗಳಲ್ಲಿ ಗುಣ ಕಾಣುತ್ತದೆ. ನಿದ್ದೆ ಬರುತ್ತದೆ, ಊಟ ಸೇರುತ್ತದೆ. "ಸರಿಹೋಯಿತಲ್ಲ" ಎಂದು ನಿಲ್ಲಿಸುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳಾದರೂ ಮಾತ್ರೆ ಮುಂದುವರಿಯಬೇಕು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಆ ಹತ್ತನೆಯ ದಿನಕ್ಕೆ ಒಮ್ಮೆ, ಒಂದೂವರೆ ತಿಂಗಳಿಗೆ ಒಮ್ಮೆ ನೀವು ಆ ಮನೆಯ ಬಾಗಿಲಿಗೆ ಹೋಗಿ. ಬಾಣಂತಿಯ ಮನೆಗೆ ಹೋದಂತೆಯೇ ಹೋಗಿ.

ಚೀಟಿ ಕಿಂಡಿಯ ಸಮಸ್ಯೆಗೆ ನಾನು ಕಂಡ ಒಂದು ಪರಿಹಾರವನ್ನೂ ಹೇಳುತ್ತೇನೆ. ಒಂದು ಆಸ್ಪತ್ರೆಯಲ್ಲಿ ಜಾಗ ಸಾಲದೆ ಮನೋವೈದ್ಯರಿಗೆ ಬಿಪಿ, ಶುಗರ್ ನೋಡುವ ಕೊಠಡಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಟ್ಟರು. ಬೆಂಚು ಒಂದೇ. ಅಲ್ಲಿ ಕುಳಿತವರು ಯಾವುದಕ್ಕೆ ಬಂದಿದ್ದಾರೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜನ ನಿರಾಳವಾಗಿ ಬಂದು ಕುಳಿತರು. ಜಾಗದ ಕೊರತೆಯಿಂದ ಆದದ್ದು, ಆದರೆ ನನಗೆ ಅದು ದೊಡ್ಡ ಪಾಠ. ನಿಮ್ಮ ಊರಿನವರನ್ನು ಕರೆತರುವಾಗ ಕಿಂಡಿಯಲ್ಲಿ ನೀವೇ ಮುಂದೆ ನಿಂತು, ಕೊಠಡಿಯ ಸಂಖ್ಯೆ ಹೇಳಿ ಚೀಟಿ ಮಾಡಿಸಿ. ಕಾಯಿಲೆಯ ಹೆಸರನ್ನು ಎಲ್ಲರೆದುರು ಅವರ ಬಾಯಿಂದ ಹೇಳಿಸಬೇಡಿ.

ಆಸ್ಪತ್ರೆಗೆ ಹೋಗಲಾಗದವರಿಗೆ ಫೋನ್ ಇದೆ. 14416. ಇದು ಟೆಲಿ ಮಾನಸ್, ಕೇಂದ್ರ ಆರೋಗ್ಯ ಸಚಿವಾಲಯದ ಸೇವೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ಕರೆ ಮಾಡಿದರೆ ಮೊದಲು ಭಾಷೆ ಆರಿಸಿಕೊಳ್ಳಬೇಕು, ಆಮೇಲೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ. ತೊಂದರೆ ಹೆಚ್ಚಿದ್ದರೆ ಅವರೇ ತಜ್ಞರಿಗೆ ವರ್ಗಾಯಿಸುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ.

ಆದರೆ ನಂಬರು ಬರೆದುಕೊಟ್ಟು ಕೈತೊಳೆದುಕೊಳ್ಳಬೇಡಿ. ಯಂತ್ರದ ಧ್ವನಿ "ಇದಕ್ಕಾಗಿ ಒಂದನ್ನು ಒತ್ತಿ" ಎಂದ ಕೂಡಲೇ ಫೋನ್ ಇಟ್ಟುಬಿಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಡುಗನೊಬ್ಬ, ಪಿಯುಸಿ ಎರಡನೆಯ ವರ್ಷ, ಮೂರು ಸಲ ಹಾಗೆ ಕತ್ತರಿಸಿದ. ನಾಲ್ಕನೆಯ ಸಲ ನಾನು ಅವನ ಪಕ್ಕದಲ್ಲಿ ಕುಳಿತು ನನ್ನ ಫೋನಿನಿಂದಲೇ ಹಚ್ಚಿ, ಭಾಷೆ ಆರಿಸಿ, ಆಚೆಯಿಂದ ಮನುಷ್ಯರ ದನಿ ಕೇಳಿದ ಮೇಲೆ ಫೋನನ್ನು ಅವನ ಕೈಗೆ ಕೊಟ್ಟು ಜಗಲಿಗೆ ಹೋದೆ. ಇಪ್ಪತ್ತು ನಿಮಿಷ ಮಾತನಾಡಿದ. ಏನು ಮಾತನಾಡಿದೆ ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ.

ಮನೆಗೊಂದೇ ಮೊಬೈಲ್ ಇರುವ ಕಡೆ ಇನ್ನೊಂದು ತೊಡಕು ಇದೆ. ಆ ನಂಬರನ್ನು ಯಾವ ಹೆಸರಿನಲ್ಲಿ ಉಳಿಸಿಕೊಳ್ಳುವುದು? ಒಬ್ಬಾಕೆ ಅದನ್ನು "ತವರು" ಎಂದು ಉಳಿಸಿಕೊಂಡಿದ್ದರು. ನನಗೆ ಅದನ್ನು ನೋಡಿ ಮಾತು ಹೊರಡಲಿಲ್ಲ.

ನಂಬರುಗಳ ಗೊಂದಲ ಒಂದನ್ನು ಬಿಡಿಸಿಬಿಡುತ್ತೇನೆ. 14416 ಮನಸ್ಸಿನ ತೊಂದರೆಗೆ. 14446 ವ್ಯಸನಮುಕ್ತಿಗೆ, ಸಾಮಾಜಿಕ ನ್ಯಾಯ ಸಚಿವಾಲಯದ್ದು. ಒಂದೇ ಅಂಕಿಯ ವ್ಯತ್ಯಾಸ. 1933 ಎಂಬುದು ಮಾದಕ ವಸ್ತು ನಿಯಂತ್ರಣ ದಳದ ಸಹಾಯವಾಣಿ. ಅದರ ಹೆಸರೂ ಮಾನಸ್ ಎಂದೇ ಇರುವುದರಿಂದ ಜನ ತಪ್ಪುತ್ತಾರೆ. ಗಾಂಜಾ, ಮತ್ತಿನ ಮಾತ್ರೆ ಮಾರುವವರ ಬಗ್ಗೆ ಗುಟ್ಟಾಗಿ ತಿಳಿಸಲೂ ಅದನ್ನು ಬಳಸಬಹುದು. ಮಕ್ಕಳ ವಿಷಯಕ್ಕೆ 1098. ಪ್ರಾಣಕ್ಕೆ ಅಪಾಯ ಈಗಲೇ ಇದೆ ಎನ್ನುವಾಗ 112 ಅಥವಾ 108.

ಕುಡಿತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯದು ಮಾಡಲು ಹೋಗಿ ಜೀವ ಕಳೆಯುವುದು ಇಲ್ಲೇ. ಸ್ವಸಹಾಯ ಸಂಘದ ಸಭೆಯಲ್ಲಿ ಗಂಡನಿಗೆ ಆಣೆ ಹಾಕಿಸುತ್ತೀರಿ. ದೇವರ ಮುಂದೆ ಪ್ರಮಾಣ ಮಾಡಿಸುತ್ತೀರಿ. ಅವನು ನಿಜವಾಗಿಯೂ ಮನಸ್ಸು ಮಾಡಿ ಅಂದೇ ನಿಲ್ಲಿಸುತ್ತಾನೆ. ಹತ್ತಿಪ್ಪತ್ತು ವರ್ಷ ದಿನವೂ ಕುಡಿದ ದೇಹ ಅದು. ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿದಂತಾಗುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಊರು ಮನೆ ಗುರುತು ಸಿಗುವುದಿಲ್ಲ, ಮೈ ಸುಡುತ್ತದೆ. ಇದು ದೆವ್ವ ಅಲ್ಲ, ದೇವರ ಮುನಿಸೂ ಅಲ್ಲ. ಮದ್ಯ ಹಠಾತ್ತನೆ ನಿಂತದ್ದಕ್ಕೆ ಮಿದುಳು ಕೊಡುವ ಪ್ರತಿಕ್ರಿಯೆ. ಚಿಕಿತ್ಸೆ ಸಿಗದಿದ್ದರೆ ಸಾಯಬಹುದು, ಸಿಕ್ಕರೆ ಬಹುಪಾಲು ಜನ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ದಿನವೂ ಕುಡಿಯುವವನು ಬಿಡುತ್ತೇನೆ ಎಂದ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಡುಕ ತಡೆಯುವ ಔಷಧ, ವಿಟಮಿನ್ ಬಿ1 ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡುತ್ತಾರೆ.

ಇನ್ನೊಂದು ಮಾತು. "ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಔಷಧ" ಎಂದು ಮಾರುತ್ತಾರೆ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅದನ್ನು ತಿಂದವನು ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಹೃದಯಕ್ಕೇ ಪೆಟ್ಟು ಬೀಳಬಹುದು. ಅದು ನಿಜವಾದ ಔಷಧವೇ. ಆದರೆ ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿಸಿ ಕೊಡಬೇಕಾದ ಔಷಧ. ಸಾಂಬಾರಿಗೆ ಬೆರೆಸಿದ ಹೆಂಡತಿಯನ್ನು ನಾನು ಬೈಯುವುದಿಲ್ಲ. ಅವಳಿಗೆ ಬೇರೆ ದಾರಿ ತೋರಿಸದ ನಮ್ಮ ಮೇಲೆ ನನಗೆ ಸಿಟ್ಟು.

ಖಾಸಗಿ ವ್ಯಸನಮುಕ್ತಿ ಕೇಂದ್ರಗಳೂ ಇವೆ. ಒಳ್ಳೆಯವೂ ಇವೆ. ಸೇರಿಸುವ ಮೊದಲು ನೋಂದಣಿ ಆಗಿದೆಯೇ ಕೇಳಿ, ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ ಎಂದು ಕೇಳಿ. ಹೊಡೆಯುವುದು, ಕಟ್ಟಿಹಾಕುವುದು ಚಿಕಿತ್ಸೆ ಅಲ್ಲ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೇರವಾಗಿ ನಿಷೇಧಿಸಿದೆ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಜನ. ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ದಿನಗೂಲಿಯವರು. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಹೊರಡಿಸಿತು. 2030ರೊಳಗೆ ಇಂಥ ಸಾವುಗಳನ್ನು ಶೇಕಡ 10ರಷ್ಟು ಇಳಿಸುವುದು ಅದರ ಗುರಿ. ಆ ಹತ್ತರಷ್ಟು ಇಳಿಯಬೇಕಾದರೆ ಎಲ್ಲೋ ಒಂದು ಮನೆಯಲ್ಲಿ ಯಾರೋ ಒಬ್ಬರು ಒಂದು ಪ್ರಶ್ನೆ ಕೇಳಬೇಕು.

ಪ್ರಶ್ನೆ ಇದು: "ಬದುಕುವುದೇ ಬೇಡ ಅನ್ನಿಸುತ್ತಿದೆಯಾ? ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯಾ?" ಹೀಗೇ ಕೇಳಬೇಕು, ಸುತ್ತಿ ಬಳಸಿ ಅಲ್ಲ. ಕೇಳಿದರೆ ಇಲ್ಲದ ಯೋಚನೆ ಹೊಳೆದೀತು ಎಂಬ ಹೆದರಿಕೆ ನಿಮ್ಮಲ್ಲಿ ಅನೇಕರಿಗೆ ಇದೆ, ಮುಖದಲ್ಲೇ ಕಾಣುತ್ತಿದೆ. ಹಾಗೆ ಆಗುವುದಿಲ್ಲ. ಅಧ್ಯಯನಗಳೂ ಅದನ್ನೇ ಹೇಳುತ್ತವೆ, ನನ್ನ ಅನುಭವವೂ ಅದೇ. ಬಹಳ ಸಲ ಆ ಪ್ರಶ್ನೆ ಕೇಳಿದಾಗ ಎದುರಿನವರ ಭುಜ ಸಡಿಲವಾದದ್ದನ್ನು ನೋಡಿದ್ದೇನೆ. ಹೌದು ಎಂದರೆ ಗಾಬರಿಯಾಗಬೇಡಿ, ಬುದ್ಧಿ ಹೇಳಬೇಡಿ, "ಮಕ್ಕಳ ಮುಖ ನೋಡು" ಎನ್ನಬೇಡಿ. ಮಕ್ಕಳ ಮುಖ ನೋಡಿಯೇ ಅವರು ಇಷ್ಟು ದಿನ ತಡೆದಿರುತ್ತಾರೆ. ಅವರನ್ನು ಒಬ್ಬರೇ ಬಿಡಬೇಡಿ. ಅಲ್ಲಿಂದಲೇ 14416ಕ್ಕೆ ಕರೆ ಮಾಡಿ. ಮನೆಯಲ್ಲಿ ಅಪಾಯವಾಗಬಹುದಾದ ವಸ್ತುಗಳನ್ನು ದೂರ ಇಡಿಸಿ. ಆ ಕೆಟ್ಟ ಗಳಿಗೆ ಬಹಳ ಸಲ ಸಣ್ಣದಿರುತ್ತದೆ, ಕೈಗೆ ಏನೂ ಸಿಗದಿದ್ದರೆ ದಾಟಿಹೋಗುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಿಂದ 2015ರ ನಡುವೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಇಳಿಯಿತು. ಹೊಲದ ಔಷಧವನ್ನು ಮಲಗುವ ಮನೆಯಿಂದ ಆಚೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಿ ಎಂದು ನಾನು ಪ್ರತಿ ಊರಿನಲ್ಲೂ ಹೇಳುವುದು ಅದಕ್ಕೇ.

ಕಾನೂನಿನ ಭಯವೂ ಜೀವ ತೆಗೆದಿದೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂದು ಮನೆಯವರು ಗಂಟೆಗಟ್ಟಲೆ ತಡ ಮಾಡುತ್ತಾರೆ, ಅಥವಾ ವೈದ್ಯರಿಗೆ ಸುಳ್ಳು ಹೇಳುತ್ತಾರೆ. ಹಿಂದೆ ಐಪಿಸಿ 309ರ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. 2018ರಲ್ಲಿ ಜಾರಿಯಾದ ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್, ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಿಂದ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ರಂಥ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರ ಮೇಲೆ ಅವರ ಕೆಲಸದ ವಿಷಯದಲ್ಲಿ ಒತ್ತಡ ಹೇರಲು ಮಾಡುವ ಯತ್ನವನ್ನು ಮಾತ್ರ 226ನೆಯ ಸೆಕ್ಷನ್‌ನಲ್ಲಿ ಉಳಿಸಿಕೊಂಡಿದ್ದಾರೆ. ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ಬರೆದುಕೊಂಡರೆ ಅದು ದಾಖಲೆ ಅಷ್ಟೇ, ರೋಗಿಯ ಮೇಲಿನ ಕೇಸಲ್ಲ. ಆದ್ದರಿಂದ ತಕ್ಷಣ ಹೋಗಿ, ನಡೆದದ್ದನ್ನು ನಡೆದ ಹಾಗೆ ಹೇಳಿ.

ಉಳಿಸಿಕೊಂಡು ಮನೆಗೆ ಕರೆತಂದ ಮೇಲಿನ ಮೊದಲ ಕೆಲವು ವಾರ ಅಪಾಯ ಹೆಚ್ಚು. ಗಾಯ ಮಾಸಿತು, ಎಲ್ಲ ಮುಗಿಯಿತು ಎಂದು ಮನೆಯವರು ಹೊಲಕ್ಕೆ ಹೊರಟಿರುತ್ತಾರೆ. ಆ ವಾರಗಳಲ್ಲಿ ಮನೋವೈದ್ಯರ ಎರಡನೆಯ ಭೇಟಿ ತಪ್ಪಲೇಬಾರದು. ನೀವು ಹೋಗಿ ಸುಮ್ಮನೆ ಹತ್ತು ನಿಮಿಷ ಕುಳಿತು ಬಂದರೂ, ಫೋನ್ ಮಾಡಿ "ಊಟ ಆಯಿತೇ" ಎಂದರೂ ಅದಕ್ಕೆ ಬೆಲೆ ಇದೆ.

ಕೊನೆಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕ ಆಗಲೇ ಕೇಳಿದ ಪ್ರಶ್ನೆ: "ಅವರು ಬರುವುದಿಲ್ಲ ಎನ್ನುತ್ತಾರೆ, ಏನು ಮಾಡಲಿ?" ಅಕ್ಕ, ನೀವು ಬನ್ನಿ. ಮಂಗಳವಾರ ನೀವೊಬ್ಬರೇ ಬಂದು ವೈದ್ಯರ ಬಳಿ ಮಾತನಾಡಬಹುದು. 14416ಕ್ಕೂ ಮನೆಯವರು ಕರೆ ಮಾಡಬಹುದು, ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ. ಬರುವ ಮೊದಲು ಒಂದು ವಾರ ಬರೆದಿಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಮಲಗುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಊಟ ಎಷ್ಟು, ಯಾರೊಂದಿಗೆ ಮಾತು ಬಿಟ್ಟಿದ್ದಾರೆ, ಯಾವಾಗಿನಿಂದ. ಬರೆಯಲು ಬರದಿದ್ದರೆ ಮಗಳ ಕೈಯಲ್ಲಿ ಬರೆಸಿ. ಹಳೆಯ ಮಾತ್ರೆಯ ಪಟ್ಟಿ ಇದ್ದರೆ ಎಸೆಯದೆ ತನ್ನಿ. ನಿಮಗೆ ನಿದ್ದೆ ಬರುತ್ತಿದೆಯೇ ಎಂಬುದನ್ನೂ ವೈದ್ಯರಿಗೆ ಹೇಳಿ. ಕಿಂಡಿಯ ಹತ್ತಿರ ನಾನು ನಿಂತಿರುತ್ತೇನೆ.